ಬಾಗಿಲು ಹಾಕಿಕೊಂಡು ಹೊಗೆ ಅಳೆದ ಸಾಹೇಬರಿಗೆ

ಇವರಿಗೆ,
ವಾಹನ ಹೊಗೆ ತಪಾಸಣಾಧಿಕಾರಿಗಳು,
ಚಿಲಕ ಹಾಕಿದ ಬಾಗಿಲಿನ ಒಳಗಡೆ.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಸಿಬ್ಬಂದಿಗೂ, ತಮ್ಮ ಹೊಗೆ ಅಳೆಯುವ ಯಂತ್ರಕ್ಕೂ, ತಮ್ಮ ಕಚೇರಿಯ ಹಿಂಬಾಗಿಲಿಗೂ ನಮ್ಮ ಕಾರು ಸಮಿತಿಯ ಪರವಾಗಿ ಹೃತ್ಪೂರ್ವಕ ನಮಸ್ಕಾರಗಳು. ಕಳೆದ ಶುಕ್ರವಾರ ತಾವೆಲ್ಲರೂ ಕ್ಷೇಮವಾಗಿ ಮನೆ ತಲುಪಿದ್ದೀರಿ ಎಂದು ನಂಬಿದ್ದೇವೆ. ನಾವೂ ತಲುಪಿದೆವು, ಸ್ವಲ್ಪ ತಡವಾಗಿ.

ಮಾತು ಉದ್ದವಾಗುವ ಮೊದಲು, ಯಾರು ಏನು ಕೊಡುತ್ತೇವೆಂದರು, ಏನು ಕೊಡಲಿಲ್ಲ ಎಂಬುದನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಆಸ್ಪತ್ರೆಯ ಮೊದಲ ಪಾಳಿಗೆ ಬಸ್ಸು ಬಿಡಿಸುತ್ತೇವೆಂದು ಆಡಳಿತದವರು ಹೇಳಿದ್ದರು, ಬಿಡಿಸಲಿಲ್ಲ. ಆ ಹೊತ್ತಿಗೆ ರಸ್ತೆಯಲ್ಲಿ ಜನ ಕಂಡರೆ ಬಸ್ಸು ಬರುತ್ತದೆಂದು ಬಸ್ಸಿನವರು ಹೇಳಿದ್ದರು. ನಾವು ರಸ್ತೆಗೆ ಬಂದು ಕಾಣಿಸಿಕೊಂಡೆವು. ಕಾರಿನಲ್ಲಿ ಓಡಾಡುವವರಿಗೆ ಬಸ್ಸು ಯಾಕೆ ಎಂದು ಕೇಳಿ ಹೋದರು. ಲಾಂಡ್ರಿಯ ಇಸ್ತ್ರಿ ಅಕ್ಕನ ಕೆಲಸವನ್ನು ಕಾಯಂ ಮಾಡುತ್ತೇವೆಂದು ಮೇಲ್ವಿಚಾರಕರು ಹೇಳಿದ್ದರು. ಈ ತಿಂಗಳು ಮುಗಿಯುವ ತನಕ ಒಂದು ದಿನವೂ ತಡವಾಗದೆ ಬಂದರೆ ಮಾತ್ರ ಎಂದು ಆಮೇಲೆ ಬಾಲ ಅಂಟಿಸಿದರು. ಬಂದ ಪ್ರತಿ ವಾಹನವನ್ನೂ ಪರೀಕ್ಷಿಸಲಾಗುವುದು ಎಂದು ತಾವು ತಮ್ಮ ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೀರಿ. ನಮ್ಮದು ಬಂದಿತ್ತು, ಪರೀಕ್ಷೆ ಆಗಲಿಲ್ಲ. ಇಷ್ಟೆಲ್ಲ ಮಾತಿನ ಬದಲಿಗೆ ನಮ್ಮ ಕೈಗೆ ಸಿಕ್ಕಿದ್ದು ತಮ್ಮ ಬಾಗಿಲಿನ ಕೆಳಗಿನ ಸಂದಿಯಿಂದ ತೂರಿ ಬಂದ ಒಂದು ಚೀಟಿ. ಅದರಲ್ಲಿ 'ವಾಹನ ಗೈರುಹಾಜರು, ಜನ ಮಾತ್ರ ಬಂದಿದ್ದರು' ಎಂದು ಬರೆದಿದೆ.

ಚೀಟಿ ಹೊರಬಂದಾಗ ಆ ಗೈರುಹಾಜರಾದ ವಾಹನವು ತಮ್ಮ ಬಾಗಿಲಿನಿಂದ ಒಂದು ಮಾರು ದೂರದಲ್ಲಿ, ಇಂಜಿನ್ ಚಾಲೂ ಇಟ್ಟುಕೊಂಡು, ತಮ್ಮ ಕಿಟಕಿಯ ಗಾಜುಗಳು ಚೌಕಟ್ಟಿನಲ್ಲಿ ನಡುಗುವಷ್ಟು ಜೋರಾಗಿ ಗಡಗಡಿಸುತ್ತಿತ್ತು ಎಂಬುದನ್ನು ಅತ್ಯಂತ ವಿನಯದಿಂದ ತಮ್ಮ ಗಮನಕ್ಕೆ ತರುತ್ತೇವೆ.

ಇನ್ನು ನಮ್ಮ ಪರಿಚಯ. ಕಾರು ಹಳೆಯದು, ಡೀಸೆಲ್‌ದು. ಅದರ ಬಣ್ಣ ಯಾವುದೆಂದು ಕಾಗದಪತ್ರ ನೋಡಿಯೇ ಹೇಳಬೇಕು. ನಮ್ಮ ಆಸ್ಪತ್ರೆಯಿಂದ ನಿವೃತ್ತರಾದ ಮಕ್ಕಳ ಡಾಕ್ಟರೊಬ್ಬರು ಅದನ್ನು ನಮಗೆ ಒಪ್ಪಿಸುವಾಗ ಬಾನೆಟ್ಟಿನ ಮೇಲೆ ಕೈಯಿಟ್ಟು, "ಇದರ ಎದೆ ಗಟ್ಟಿ ಇದೆ ಕಣ್ರಪ್ಪಾ, ಕೆಮ್ಮು ಮಾತ್ರ ಹೋಗಲ್ಲ, ಹೆದರ್ಕೋಬೇಡಿ" ಎಂದಿದ್ದರು. ವೈದ್ಯಕೀಯ ಅಭಿಪ್ರಾಯವಾದ್ದರಿಂದ ನಾವು ಎದುರು ಮಾತಾಡಲಿಲ್ಲ. ಅದರಲ್ಲಿ ನಿತ್ಯ ಓಡಾಡುವವರು ನಾಲ್ವರು. ಓಡಿಸುವವನು ನಾನು, ಆಸ್ಪತ್ರೆಯ ಬಾಯ್ಲರಿನವನು. ನನ್ನ ಹಬೆ ಏರಿದರೆ ಮಾತ್ರ ಲಾಂಡ್ರಿಯಲ್ಲಿ ನೀರು ಕಾಯುತ್ತದೆ. ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿಯ ಅಪ್ಪ, ಅಂದರೆ ನನ್ನ ಮಾವ, ಅದೇ ಆಸ್ಪತ್ರೆಯ ಲಿಫ್ಟ್ ನಡೆಸುವವರು. ಹಿಂದೆ ಎಷ್ಟು ಮೆರವಣಿಗೆಗಳಿದ್ದವೋ ಅಷ್ಟಕ್ಕೂ ಘೋಷಣೆ ಕೂಗಿದವರಾದ್ದರಿಂದ ಊರಿಗೆಲ್ಲ ಅವರು ಘೋಷಣೆ ಮಾವ. ಹಿಂದಿನ ಸೀಟಿನಲ್ಲಿ ಕ್ಯಾಂಟೀನಣ್ಣ, ಅವನಿಗೆ ಒಂದೂವರೆ ಜಾಗ. ಉಳಿದ ಅರ್ಧದಲ್ಲಿ ಇಸ್ತ್ರಿ ಅಕ್ಕ.

ನಾಲ್ವರೂ ಒಂದೇ ಕಾರ್ಮಿಕ ಸಂಘದಲ್ಲಿ ಪಳಗಿದವರಾದ್ದರಿಂದ ಕಾರಿನೊಳಗೆ ಎಲ್ಲವೂ ಸಭೆಯ ಕ್ರಮದಂತೆ ನಡೆಯುತ್ತದೆ. ಕಿಟಕಿ ಇಳಿಸಬೇಕಾದರೆ ಮಂಡನೆ, ಅನುಮೋದನೆ, ಕೈ ಎತ್ತುವುದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ರಸ್ತೆಯ ಗುಂಡಿಗೆ ಮಾತ್ರ ಆ ಹಕ್ಕಿದೆ. ಅಧ್ಯಕ್ಷತೆ ಮಾವನದು, ಏಕೆಂದರೆ ಮುಂದಿನ ಸೀಟು ಅವರದು. ಮುಂದಿನ ಸೀಟು ಅವರದು, ಏಕೆಂದರೆ ಮೊಣಕಾಲು ಮಡಚುವುದಿಲ್ಲ. ನನಗೆ ಚರ್ಚೆಯಲ್ಲಿ ಭಾಗವಹಿಸಲು ಅವಕಾಶವಿದೆ, ಕೈ ಎತ್ತಲು ಇಲ್ಲ. ಸ್ಟಿಯರಿಂಗ್ ಬಿಡಬಾರದೆಂದು ಸಭೆ ಸರ್ವಾನುಮತದಿಂದ ನಿರ್ಧರಿಸಿದೆ.

ಈ ಕಾರಿಗೆ ಒಂದೇ ಒಂದು ಊನವಿದೆ, ಮಾನ್ಯರೇ, ಅದನ್ನು ಮುಚ್ಚಿಡುವುದಿಲ್ಲ. ಒಮ್ಮೆ ಇಂಜಿನ್ ಆರಿಸಿದರೆ ಕೀಲಿ ತಿರುಗಿಸಿ ಮತ್ತೆ ಎಬ್ಬಿಸುವುದು ಕಷ್ಟ. ಬ್ಯಾಟರಿ ಎಂದ ಮೆಕ್ಯಾನಿಕ್, ಹೊಸದು ಹಾಕಿಸಿದೆವು. ಹೀಟರ್ ಪ್ಲಗ್ ಎಂದ, ಅದೂ ಹೊಸದಾಯಿತು. ಕೊನೆಗೆ ಸ್ಟಾರ್ಟರ್ ಮೋಟಾರು ಎಂದು ಪತ್ತೆಹಚ್ಚಿದ. ಅಷ್ಟರಲ್ಲಿ ಆ ಭಾಗವನ್ನು ತಯಾರಿಸುವುದನ್ನೇ ಕಂಪನಿ ನಿಲ್ಲಿಸಿತ್ತು. ಗುಜರಿಯಲ್ಲಿ ಹುಡುಕುತ್ತಿದ್ದೇನೆ, ಇವತ್ತು ಸಿಗುತ್ತೆ, ನಾಳೆ ಸಿಗುತ್ತೆ ಎನ್ನುತ್ತಾನೆ. ಅಲ್ಲಿಯವರೆಗೆ ನಮಗೆ ಇಳಿಜಾರೇ ದೇವರು. ಮನೆಯ ಮುಂದಿನ ಓಣಿ ಇಳಿಜಾರು. ಹ್ಯಾಂಡ್ ಬ್ರೇಕ್ ತೆಗೆದು, ಎರಡನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟರೆ ಕಾರು ಒಮ್ಮೆ ಮುಗ್ಗರಿಸಿ, ಬಿಳಿ ಹೊಗೆ ಉಗುಳಿ, ಓಣಿಯ ಎಲ್ಲರನ್ನೂ ಎಬ್ಬಿಸಿ ಹೊರಡುತ್ತದೆ. ಬಾಯ್ಲರ್ ಅಂಗಳವೂ ಇಳಿಜಾರು. ನಮ್ಮ ದಾರಿಯಲ್ಲಿ ಸಮತಟ್ಟಾದ ನೆಲ ಇರುವುದು ಎರಡೇ ಕಡೆ: ಡೀಸೆಲ್ ಹಾಕಿಸುವ ಬಂಕಿನಲ್ಲಿ ಮತ್ತು ತಮ್ಮ ಕಚೇರಿಯಲ್ಲಿ. ಎರಡೂ ಕಡೆ 'ಇಂಜಿನ್ ಆರಿಸಿ' ಎಂಬ ಫಲಕವಿದೆ. ನಾವು ಕಾನೂನು ಪಾಲಿಸುವ ಜನ. ನಮ್ಮ ಕಷ್ಟಗಳೆಲ್ಲ ಅಲ್ಲಿಂದಲೇ ಶುರುವಾಗುವುದು.

ಬಂಕಿನ ವಿಷಯ ಹೇಳಿದರೆ ಶುಕ್ರವಾರದ ವಿಷಯ ತಮಗೆ ತಾನಾಗಿ ಅರ್ಥವಾಗುತ್ತದೆ. ಡೀಸೆಲ್ ಹಾಕಿಸುವ ದಿನ ನಾವು ಬಂಕಿಗೆ ಹೋಗಿ ನಿಂತು, ಫಲಕಕ್ಕೆ ಗೌರವ ಕೊಟ್ಟು ಇಂಜಿನ್ ಆರಿಸುತ್ತೇವೆ. ಪೈಪು ಹಿಡಿಯುವಾಕೆ ಪ್ರತಿ ಸಲವೂ, "ಡೀಸೆಲ್ಲೇ ತಾನೇ?" ಎಂದು ಕೇಳುತ್ತಾಳೆ, ಇಷ್ಟು ದಿನವಾಯಿತು, ಆಕೆಗೆ ಗೊತ್ತಿಲ್ಲವೆಂದಲ್ಲ, ಒಮ್ಮೆ ಯಾರದೋ ಗಾಡಿಗೆ ಪೆಟ್ರೋಲ್ ಹಾಕಿ ಆದ ರಾದ್ಧಾಂತ ಇನ್ನೂ ಮರೆತಿಲ್ಲ. ಟ್ಯಾಂಕಿನಲ್ಲಿ ನೊರೆ ಇಳಿಯುವ ತನಕ ನಿಧಾನವಾಗಿ ಹಾಕುತ್ತಾಳೆ. ಮುಚ್ಚಳ ತಿರುಗಿಸಿ ಹಾಕಿದ ಮೇಲೆ ಪೈಪನ್ನು ಕೊಂಡಿಗೆ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿದು, ಕೇಳದೆಯೇ ಹಿಂದಕ್ಕೆ ಬಂದು ನಿಲ್ಲುತ್ತಾಳೆ. ಅಕ್ಕ ಎಡಕ್ಕೆ, ಆಕೆ ಬಲಕ್ಕೆ, ನಡುವೆ ಕ್ಯಾಂಟೀನಣ್ಣ. ಇಂಧನ ತುಂಬುವವರೇ ತಳ್ಳುವ ಜವಾಬ್ದಾರಿಯನ್ನೂ ಹೊರುವ ಬಂಕು ಇನ್ನೆಲ್ಲಾದರೂ ಇದ್ದರೆ ತಾವು ತಿಳಿಸಬೇಕು.

ಆದರೆ ಕಾರು ತಳ್ಳುವುದೆಂದರೆ ಬರೀ ಬಲವಲ್ಲ. ಎಲ್ಲರ ಬಲ ಒಂದೇ ಕ್ಷಣಕ್ಕೆ ಬೀಳಬೇಕು, ಅದೇ ಕ್ಷಣ ನಾನು ಕ್ಲಚ್ ಬಿಡಬೇಕು. ಮೊದಮೊದಲು 'ಒಂದು, ಎರಡು, ಮೂರು' ಎಂದು ಎಣಿಸಿ ನೋಡಿದೆವು. ಕ್ಯಾಂಟೀನಣ್ಣ ಎರಡಕ್ಕೇ ತಳ್ಳಿಬಿಡುತ್ತಿದ್ದ. ಕ್ಯಾಂಟೀನಿನಲ್ಲಿ ಮೂರರ ತನಕ ಕಾದರೆ ಹಾಲು ಉಕ್ಕುತ್ತದಂತೆ. ಅಕ್ಕ ಮೂರು ಮುಗಿದ ಮೇಲೆ ತಳ್ಳುತ್ತಿದ್ದಳು. 'ಐಸಾ' ಎಂದು ನೋಡಿದೆವು. ನಗು ಬಂದು ಕೈ ಸಡಿಲವಾಯಿತು. ಕೊನೆಗೆ ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಭ್ಯಾಸಬಲದಿಂದ, "ಬೇಕೇ ಬೇಕು!" ಎಂದು ಕೂಗಿದರು. ಹಿಂದಿನಿಂದ ಅಕ್ಕ, ಅಣ್ಣ, ಪೈಪಿನಾಕೆ ಮೂವರೂ ಯೋಚನೆಯೇ ಇಲ್ಲದೆ, "ನ್ಯಾಯ ಬೇಕು!" ಎಂದರು. ಆ 'ಬೇಕು' ಬಿದ್ದ ಕ್ಷಣಕ್ಕೆ ಆರು ಕೈಗಳು ಒಂದೇ ಕೈಯಾಗಿ ಬಿದ್ದವು. ಕಾರು ಜಿಗಿದು ಎದ್ದಿತು.

ಅಂದಿನಿಂದ ನಾವು ಘೋಷಣೆ ಇಲ್ಲದೆ ತಳ್ಳಿಲ್ಲ, ಮಾನ್ಯರೇ. ತಳ್ಳಲು ಬರುವುದಿಲ್ಲ. ಬೇರೆಯವರಿಗೆ ಇದು ಹಾಸ್ಯವೆನ್ನಿಸಬಹುದು. ನಮ್ಮ ತೋಳುಗಳು ಒಟ್ಟಿಗೆ ಮೇಲೇಳಲು ಕಲಿತದ್ದೇ ಹಾಗೆ. ಬಂಕಿನ ಮ್ಯಾನೇಜರು ಒಮ್ಮೆ ಹೊರಬಂದು, "ಏನ್ರೀ ಇದು, ಡೀಸೆಲ್ ಹಾಕಿಸ್ಕೊಳ್ಳೋಕೆ ಬಂದೋರಾ, ಧರಣಿ ಮಾಡೋಕೆ ಬಂದೋರಾ?" ಎಂದು ಗದರಿದಾಗ, ಮಾವ ಕನ್ನಡಕ ಸರಿಮಾಡಿಕೊಂಡು, "ಸ್ವಾಮಿ, ಮೊದಲು ಹಾಕಿಸ್ಕೋತೀವಿ, ಆಮೇಲೆ ಮಾಡ್ತೀವಿ. ಎರಡಕ್ಕೂ ಬೇರೆ ಬೇರೆ ದಿನ ಬರೋಕೆ ನಮಗೆ ರಜ ಇಲ್ಲ" ಎಂದರು. ಮ್ಯಾನೇಜರು ಈಗ ಗಾಜಿನ ಹಿಂದೆಯೇ ಕೂತು ಕೈ ಬೀಸುತ್ತಾರೆ.

ಇಷ್ಟು ಹಿನ್ನೆಲೆಯೊಂದಿಗೆ ತಾವು ಶುಕ್ರವಾರವನ್ನು ದಯಮಾಡಿ ಮತ್ತೊಮ್ಮೆ, ಈ ಸಲ ಬಾಗಿಲಿನ ಹೊರಗಡೆಯಿಂದ, ನೋಡಬೇಕೆಂದು ಕೋರುತ್ತೇವೆ.

ಪಾಳಿ ಮುಗಿಸಿ ನಾವು ನೇರ ತಮ್ಮ ಅಂಗಳಕ್ಕೆ ಬಂದೆವು. ಮುಂದೆ ಟ್ಯಾಕ್ಸಿಗಳ ಸಾಲು. ಟೋಕನ್ ತೆಗೆದುಕೊಂಡೆವು, ಫಲಕ ಓದಿದೆವು, ಇಂಜಿನ್ ಆರಿಸಿದೆವು. ನಮಗಿಂತ ಮುಂಚೆ ಬಂದವರ ಗಾಡಿಗಳನ್ನು ತಮ್ಮ ನೌಕರರು ಬಿಳಿ ಗೆರೆಯ ಮೇಲೆ ನಿಲ್ಲಿಸಿ, ಸೈಲೆನ್ಸರಿನ ಬಾಯಿಗೆ ಕೊಳವೆ ಇಟ್ಟು, ರೇಸ್ ಮಾಡಿಸಿ, ಯಂತ್ರದ ಅಂಕಿ ನೋಡಿ ಕಳಿಸುತ್ತಿದ್ದ ಶಿಸ್ತು ಕಣ್ಣಿಗೆ ಹಬ್ಬದಂತಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ತಮ್ಮ ಕಚೇರಿಯ ಜನರೇಟರ್ ಚಾಲೂ ಆಗಿ, ಅದರ ಕಪ್ಪು ಹೊಗೆ ಅಂಗಳವನ್ನೆಲ್ಲ ತುಂಬಿ, ಅದರ ನೆರವಿನಿಂದ ಹೊಗೆ ಅಳೆಯುವ ಯಂತ್ರವು ನಮ್ಮೆಲ್ಲರ ಹೊಗೆಯನ್ನು ನಿಷ್ಪಕ್ಷಪಾತವಾಗಿ ಅಳೆಯುವುದನ್ನು ಮುಂದುವರಿಸಿತು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದಕ್ಕೆ ಸರ್ಟಿಫಿಕೇಟ್ ಯಾರು ಕೊಡ್ತಾರಣ್ಣ?" ಎಂದು ಪಕ್ಕದ ಟ್ಯಾಕ್ಸಿಯವರನ್ನು ಕೇಳಿದಳು. ಅವರು, "ಸರ್ಕಾರದ ಹೊಗೆಗೆ ವಾಸ್ನೆ ಇರಲ್ಲಮ್ಮ, ಅದು ನಿನ್ನ ಮೂಗಿನ ತಪ್ಪು" ಎಂದರು.

ನಮ್ಮ ಟೋಕನ್ ಕರೆದರು. ಕೀಲಿ ತಿರುಗಿಸಿದೆ. ಕಟ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದೆ. ಅಷ್ಟೂ ಇಲ್ಲ. ಕರೆದವರಿಗೆ ಕಾಯುವ ಪುರುಸೊತ್ತಿಲ್ಲವೆಂದು ನಮಗೆ ಗೊತ್ತು. ಆದ್ದರಿಂದ ಅಲ್ಲೇ, ಕಾರಿನೊಳಗೇ ತುರ್ತು ಸಭೆ ಸೇರಿತು. ತಳ್ಳುವುದೆಂದು ತೀರ್ಮಾನ. ಆದರೆ ಕ್ಯಾಂಟೀನಣ್ಣ ಒಂದು ತಿದ್ದುಪಡಿ ತಂದ: "ಮಾವ, ಆಫೀಸಿನ ಅಂಗಳದಲ್ಲಿ ನಿಂತು ನ್ಯಾಯ ಬೇಕು ಅಂದ್ರೆ ಚೆನ್ನಾಗಿರಲ್ಲ. ಅವರೇನು ಅನ್ಯಾಯ ಮಾಡಿದಾರೆ ಪಾಪ, ಇನ್ನೂ ನಮ್ಮ ಗಾಡಿನೇ ಮುಟ್ಟಿಲ್ಲ." ಮಾತು ಎಲ್ಲರಿಗೂ ಸರಿಯೆನ್ನಿಸಿತು. ಹಾಗಾದರೆ ಏನು ಕೂಗುವುದು? ಹೊಗಳೋಣ ಎಂದರು ಮಾವ. ಅಧಿಕಾರಿಗಳಿಗೆ ಸಂತೋಷವೂ ಆಗುತ್ತೆ, ಗಾಡಿಯೂ ಏಳುತ್ತೆ.

ನಾವು ಮಾಡಿದ ತಪ್ಪು ಇದೊಂದೇ, ಮಾನ್ಯರೇ. ತಮಗೆ ಗೌರವ ತೋರಿಸಿದ್ದು.

ಮಾವ ಸೊಂಟದವರೆಗೂ ಕಿಟಕಿಯಿಂದ ಹೊರಬಂದು, ಮುಷ್ಟಿ ಎತ್ತಿ, ಎಷ್ಟೋ ಮೆರವಣಿಗೆಗಳನ್ನು ಎಳೆದ ಆ ಹಳೆಯ ದನಿಯಲ್ಲಿ, "ಹೊಗೆ ಅಧಿಕಾರಿಗಳಿಗೆ!" ಎಂದರು. ಅಕ್ಕನೂ ಅಣ್ಣನೂ, "ಜಯವಾಗಲಿ!" ಎಂದು ತಳ್ಳಿದರು. ಕಾರು ಒಂದು ಗೇಣು ಸರಿಯಿತು. ಘೋಷಣೆಯ ಗುಣವೇನೆಂದರೆ ಅದು ಒಮ್ಮೆ ಶುರುವಾದರೆ ಪಕ್ಕದಲ್ಲಿರುವವರು ಸುಮ್ಮನೆ ನಿಲ್ಲಲಾರರು. ಸಾಲಿನಲ್ಲಿದ್ದ ಟ್ಯಾಕ್ಸಿಯವರೆಲ್ಲ ಬಾಗಿಲು ತೆಗೆದು ಇಳಿದು ಬಂದರು. ಕೆಲವರು ತಳ್ಳಿದರು, ಜಾಗ ಸಿಗದವರು ಕೂಗಿದರು, ಏನು ನಡೆಯುತ್ತಿದೆಯೆಂದು ತಿಳಿಯದವರು ಇನ್ನೂ ಜೋರಾಗಿ ಕೂಗಿದರು. ಇಷ್ಟು ಜನ ಸೇರಿ, ಇಷ್ಟು ಮುಷ್ಟಿ ಎತ್ತಿ, ತಮ್ಮ ಬಾಗಿಲಿನ ಕಡೆಗೇ ಬರುತ್ತಾ ತಮಗೆ ಜಯವಾಗಲಿ ಎಂದು ಹಾರೈಸಿದ್ದನ್ನು ತಾವು ನಿಜವೆಂದು ನಂಬಲಿಲ್ಲ. ಇದರಲ್ಲಿ ತಮ್ಮ ತಪ್ಪಿಲ್ಲ. ತಮ್ಮ ಕಚೇರಿಯನ್ನು ಯಾರಾದರೂ ಮನಸಾರೆ ಹೊಗಳಿದ್ದು ಸಿಬ್ಬಂದಿಯ ಅನುಭವದಲ್ಲಿ ಇಲ್ಲದಿದ್ದರೆ, ಅದು ವ್ಯಂಗ್ಯವೆಂದೂ, ಮುತ್ತಿಗೆಯ ಪೀಠಿಕೆಯೆಂದೂ ಅವರು ತಿಳಿದದ್ದು ಸಹಜವೇ.

ಕೊಳವೆ ಹಿಡಿದಿದ್ದ ನೌಕರರು ಕೊಳವೆಯ ಸಮೇತ ಒಳಗೆ ಓಡಿದರು. ಬಾಗಿಲು ಬಿತ್ತು. ಮೇಲಿನ ಚಿಲಕ, ಕೆಳಗಿನ ಚಿಲಕ, ಆಮೇಲೆ ಮೇಜು ಎಳೆದು ಅಡ್ಡ ಇಟ್ಟ ಸದ್ದು. ಅದೇ ಕ್ಷಣಕ್ಕೆ ನಮ್ಮ ಕಾರು, ಜನ್ಮದಲ್ಲಿ ಎಂದೂ ಎದ್ದಿರದಷ್ಟು ಚೆಂದವಾಗಿ ಎದ್ದು, ಬಿಳಿ ಗೆರೆಯ ಮೇಲೆ, ಚಕ್ರ ಒಂದಿಷ್ಟೂ ಆಚೆ ಹೋಗದೆ ನಿಂತಿತು. ಅಳೆಯಲು ಯಾರೂ ಇರಲಿಲ್ಲ.

ನಾವು ಬಾಗಿಲು ತಟ್ಟಿದೆವು. ಮೆಲ್ಲಗೆ ತಟ್ಟಿದಷ್ಟೂ ಒಳಗೆ ಇನ್ನೂ ಮೌನವಾಯಿತು. ಕ್ಯಾಂಟೀನಣ್ಣ ಕಿಟಕಿಯ ಸಂದಿಯಲ್ಲಿ ಬಗ್ಗಿ ನೋಡಿ, "ಅಣ್ಣಾವ್ರೇ, ಮೇಜಿನ ಕೆಳಗಿರೋರು, ಗಲಾಟೆ ಏನಿಲ್ಲ, ಗಾಡಿ ಸ್ಟಾರ್ಟ್ ಮಾಡಿದ್ವಿ ಅಷ್ಟೇ" ಎಂದ. ಮೇಜಿನ ಕೆಳಗಿನಿಂದ, "ಊಟದ ಟೈಮು" ಎಂಬ ಉತ್ತರ ಬಂತು. ಆಗ ಊಟ ಮುಗಿದು ಚಹಾದ ಹೊತ್ತೂ ದಾಟಿತ್ತು. ಅಕ್ಕ ಮುಂದೆ ಬಂದು ಬಾಗಿಲಿಗೆ ಬಾಯಿ ಹಚ್ಚಿ, "ಸಾರ್, ನೀವು ಊಟ ಮಾಡಿ, ನಿಧಾನಕ್ಕೆ ಮಾಡಿ. ಒಂದು ಕೈಯಲ್ಲಿ ಆ ಕೊಳವೆ ಮಾತ್ರ ಕಿಟಕಿಯಿಂದ ಆಚೆ ಚಾಚಿ, ನಾವೇ ಇಟ್ಕೋತೀವಿ" ಎಂದಳು. ಕೊಳವೆ ಬರಲಿಲ್ಲ. ಚೀಟಿ ಬಂತು. ಆಮೇಲೆ ಹಿಂದುಗಡೆ ಒಂದು ಬಾಗಿಲು ತೆರೆದ ಸದ್ದು, ಒಂದಷ್ಟು ಹೆಜ್ಜೆಗಳ ಸದ್ದು, ಆಮೇಲೆ ಜನರೇಟರ್ ಒಂದೇ. ಟ್ಯಾಕ್ಸಿಯವರೊಬ್ಬರು ನನ್ನ ಕಡೆ ತಿರುಗಿ, "ನಿಮ್ಮ ಜಯಕಾರದಿಂದ ನಮ್ದೂ ಹೋಯ್ತಲ್ರೀ" ಎಂದರು.

ಈಗ ಆಗಿರುವುದು ಇಷ್ಟು. ನಮ್ಮ ಹಳೆಯ ಹೊಗೆ ಸರ್ಟಿಫಿಕೇಟಿನ ಗಡುವು ಬುಧವಾರಕ್ಕೆ ಮುಗಿಯುತ್ತದೆ. ಗುರುವಾರದಿಂದ ಸೇತುವೆಯ ಬಳಿಯ ಪೊಲೀಸಪ್ಪ ನಮ್ಮನ್ನು ಬಿಡುವುದಿಲ್ಲ. ಚೀಟಿ ನೋಡಿದ ದಿನವೇ, "ಗುರುವಾರ ಈ ಗಾಡಿ ಕಂಡ್ರೆ ಎಳ್ಕೊಂಡು ಹೋಗ್ತೀನಿ" ಎಂದಿದ್ದಾರೆ. ಮಾವ, "ಎಳೀರಿ ಸಾರ್, ಪುಣ್ಯ ಬರುತ್ತೆ, ಇಲ್ಲೀತನಕ ನಾವು ತಳ್ಳೇ ಬಂದಿದೀವಿ" ಎಂದರೂ ಅವರು ನಗಲಿಲ್ಲ. ತಿಂಗಳ ಕೊನೆಯ ಪಾಳಿ ಶನಿವಾರ. ಅಂದರೆ ಗುರುವಾರ, ಶುಕ್ರವಾರ, ಶನಿವಾರ ಇಸ್ತ್ರಿ ಅಕ್ಕ ಮೊದಲ ಪಾಳಿಗೆ ಹೇಗೆ ಬರಬೇಕು ಎಂಬುದಷ್ಟೇ ಪ್ರಶ್ನೆ. ಮೊದಲ ಬಸ್ಸು ಬರುವ ಹೊತ್ತಿಗೆ ಲಾಂಡ್ರಿಯ ಮೊದಲ ಗಂಟು ಒಗೆದು ಮುಗಿದಿರುತ್ತದೆ. ಲಾಂಡ್ರಿಯಲ್ಲೇ ಮಲಗುತ್ತೇನೆ ಎಂದು ಆಕೆ ಕೇಳಿದಳು. ನೌಕರರು ಕೆಲಸದ ಜಾಗದಲ್ಲಿ ಮಲಗುವಂತಿಲ್ಲ ಎಂದರು. ನಡೆದು ಬರುವುದಾದರೆ ಹಿಂದಿನ ದಿನದ ಪಾಳಿ ಮುಗಿಯುವ ಮೊದಲೇ ಮರುದಿನದ ಪಾಳಿಗೆ ಹೊರಡಬೇಕಾಗುತ್ತದೆ.

ಆಕೆ ಕಾಯಂ ಆಗುವುದೆಂದರೆ ಏನೆಂದು ತಮ್ಮಂಥ ಕಾಯಂ ಆದವರಿಗೆ ನೆನಪಿರಲಾರದು, ಆದ್ದರಿಂದ ಹೇಳುತ್ತೇವೆ. ಜ್ವರ ಬಂದ ದಿನ ಮಲಗಬಹುದು. ಇಸ್ತ್ರಿ ಯಂತ್ರದ ಬಿಸಿ ರೋಲರಿಗೆ ಬೆರಳು ಸಿಕ್ಕರೆ ತಾನು ಒಗೆದ ಬೆಡ್‌ಶೀಟಿನ ಮೇಲೆಯೇ ತಾನೂ ರೋಗಿಯಾಗಿ ಒಂದು ದಿನ ಮಲಗುವ ಹಕ್ಕು ಬರುತ್ತದೆ. ಈಗ ಅದಿಲ್ಲ. ಆಕೆಯ ಮುಂಗೈಯ ಮೇಲೆ ಸುಟ್ಟ ಕಲೆಗಳಿವೆ, ಎಲ್ಲವೂ ಕೆಲಸ ಮಾಡುತ್ತಲೇ ವಾಸಿಯಾದವು. ಕಳೆದ ವಾರ ಮೇಲ್ವಿಚಾರಕರು ಬೆಡ್‌ಶೀಟೊಂದನ್ನು ಮೂಸಿ, "ಏನಮ್ಮಾ ಇದು, ಡೀಸೆಲ್ ವಾಸ್ನೆ ಹೊಡೀತಿದೆ?" ಎಂದಾಗ ಅಕ್ಕ ತಲೆಯೆತ್ತದೆ, "ಅಂದ್ರೆ ನಾನು ಟೈಮಿಗೆ ಬಂದಿದೀನಿ ಅಂತ ಸಾರ್" ಎಂದಳು. ಆ ವಾಸನೆಯೇ ಆಕೆಯ ಹಾಜರಾತಿ.

ಇಲ್ಲಿ ಒಂದು ಮಾತನ್ನು ಸುತ್ತುಬಳಸಿಲ್ಲದೆ ಹೇಳುತ್ತೇವೆ, ತಾವು ಕ್ಷಮಿಸಬೇಕಾಗಿಲ್ಲ. ನಮ್ಮ ಕಾರು ಹೊಗೆ ಬಿಡುತ್ತದೆ. ಹೊಗೆ ಕೆಟ್ಟದ್ದು. ಎದೆಯ ವಾರ್ಡಿನ ದಿಂಬಿನ ಚೀಲಗಳನ್ನು ಒಗೆಯುವವರಿಗೆ ಹೊಗೆ ಒಳಗೆ ಹೋಗಿ ಏನು ಮಾಡುತ್ತದೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ಹೊಗೆಯನ್ನು ಬಿಟ್ಟುಬಿಡಿ ಎಂದು ನಾವು ಕೇಳುತ್ತಿಲ್ಲ. ಅಳೆಯಿರಿ. ಮಿತಿ ಮೀರಿದ್ದರೆ ಮೀರಿದೆ ಎಂದು ಬರೆಯಿರಿ, ಫಿಲ್ಟರ್ ಬದಲಿಸುತ್ತೇವೆ, ನಾಜಲ್ ಬಿಚ್ಚಿಸುತ್ತೇವೆ, ಆಗಲೂ ಆಗದಿದ್ದರೆ ಗುಜರಿಗೆ ನಾವೇ ತಳ್ಳಿಕೊಂಡು ಹೋಗುತ್ತೇವೆ, ಘೋಷಣೆ ಸಮೇತ. ಆದರೆ ಕಣ್ಣೆದುರು ಗಡಗಡಿಸುತ್ತಿರುವುದನ್ನು ಬಂದೇ ಇಲ್ಲ ಎಂದು ಬರೆಯಬೇಡಿ. ನಮ್ಮಂಥವರಿಗೆ ಇಲ್ಲ ಎನ್ನುವುದಕ್ಕಿಂತ ದೊಡ್ಡ ಅನ್ಯಾಯ ಬಂದೇ ಇಲ್ಲ ಎನ್ನುವುದು. ಬಸ್ಸಿನವರಿಗೆ ನಾವು ಕಾಣಲಿಲ್ಲ, ಆಡಳಿತದವರಿಗೆ ಕಾಣಲಿಲ್ಲ. ಇಷ್ಟು ಹೊಗೆ ಬಿಟ್ಟ ಮೇಲೂ ತಮಗೆ ಕಾಣಲಿಲ್ಲವೆಂದರೆ ಇನ್ನು ನಾವು ಕಾಣಿಸಿಕೊಳ್ಳುವ ಬಗೆ ಯಾವುದು?

ಆದ್ದರಿಂದ ಕಾರು ಸಮಿತಿಯು ಈ ಕೆಳಗಿನ ಸಣ್ಣಪುಟ್ಟ ಅನುಕೂಲಗಳನ್ನು ತಮ್ಮಲ್ಲಿ ಬೇಡಿಕೊಳ್ಳುತ್ತದೆ. ತಮ್ಮ ಕಚೇರಿಯನ್ನು ಇಳಿಜಾರಿನ ಜಾಗಕ್ಕೆ ವರ್ಗಾಯಿಸಬೇಕು. ಕಟ್ಟಡವನ್ನು ಎತ್ತಲಾಗದಿದ್ದರೆ ಅಂಗಳದ ಒಂದು ತುದಿಯನ್ನಾದರೂ ಎತ್ತಿಸಬೇಕು. ಯಾರನ್ನೂ ಹೆದರಿಸದ, ಆದರೆ ಕಾರು ಎಬ್ಬಿಸುವಷ್ಟು ಬಲವಿರುವ ಒಂದು ಘೋಷಣೆಯನ್ನು ತಮ್ಮ ಇಲಾಖೆಯೇ ರಚಿಸಿ, ಮೇಲಿನವರ ಒಪ್ಪಿಗೆ ಪಡೆದು, ಗೋಡೆಯ ಮೇಲೆ ಬರೆಸಬೇಕು. ಸಂತೋಷದ ಜಯಕಾರಕ್ಕೂ ಕೋಪದ ಜಯಕಾರಕ್ಕೂ ಇರುವ ವ್ಯತ್ಯಾಸವನ್ನು ಅಳೆಯುವ ಯಂತ್ರವೊಂದನ್ನು ತರಿಸಿ, ಹೊಗೆಯ ಯಂತ್ರದ ಪಕ್ಕದಲ್ಲಿಡಬೇಕು. ಇವು ಯಾವುದೂ ಬುಧವಾರದೊಳಗೆ ಆಗದಿದ್ದರೆ, ಆಸ್ಪತ್ರೆಯ ರೋಗಿಗಳಿಗೆಲ್ಲ ಒಂದು ಸುತ್ತೋಲೆ ಹೊರಡಿಸಿ, ಗುರುವಾರದಿಂದ ಶನಿವಾರದ ತನಕ ಬೆಳಗಿನ ಮೊದಲ ಬಸ್ಸು ಬರುವವರೆಗೆ ಯಾರೂ ವಾಂತಿ ಮಾಡಬಾರದು, ಬೆವರಬಾರದು, ಹೆರಬಾರದು, ಸಾಯಬಾರದು ಎಂದು ಆದೇಶಿಸಬೇಕು. ಅಷ್ಟಾದರೆ ಒಗೆದ ಬಟ್ಟೆಯ ಅಗತ್ಯವೇ ಬೀಳುವುದಿಲ್ಲ. ಅಕ್ಕ ಬಸ್ಸಿನಲ್ಲೇ ಬರಬಹುದು.

ಈ ಪತ್ರವನ್ನು ಬರೆಯುವ ಮುನ್ನ ಭಾನುವಾರ, ಓಣಿಯಲ್ಲಿ ನಿಂತ ಕಾರಿನೊಳಗೆ, ವಿಶೇಷ ಸಭೆ ನಡೆಯಿತು. ನಾಳೆಯಿಂದ ಘೋಷಣೆಯನ್ನೇ ಬಿಡೋಣ ಎಂದು ಕ್ಯಾಂಟೀನಣ್ಣ ಮಂಡಿಸಿದ. ಮಾವ ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ನನ್ನಿಂದ ಆಕೆ ಕೆಲಸಕ್ಕೆ ಕಲ್ಲು ಬೀಳೋದಾದ್ರೆ ಬಾಯಿ ಹೊಲ್ಕೋತೀನಿ" ಎಂದರು. ಅವರು ಹಾಗೆ ಅಂದದ್ದನ್ನು ನಾನು ಅಳಿಯನಾದಾಗಿನಿಂದ ಕೇಳಿರಲಿಲ್ಲ. ಅಕ್ಕ ಹಿಂದಿನಿಂದ ಅವರ ಹೆಗಲಿನ ಮೇಲೆ ಕೈಯಿಟ್ಟು, "ಮಾವ, ನೀವು ಬಾಯಿ ಹೊಲ್ಕೊಂಡ್ರೆ ಗಾಡಿ ಯಾರು ಎಬ್ಬಿಸ್ತಾರೆ? ಕೂಗಿ. ಆದ್ರೆ ಈ ಸಲ ಹೊಗಳಬೇಡಿ. ನಮಗೇನು ಬೇಕೋ ಅದನ್ನೇ ಕೂಗಿ" ಎಂದಳು. ಮಂಡನೆ ಬಿದ್ದುಹೋಯಿತು. ಪರವಾಗಿ ಒಂದೂ ಕೈ ಏಳಲಿಲ್ಲ, ಮಂಡಿಸಿದವನದ್ದೂ. ನಾನು ಮಾತ್ರ ಮೊದಲ ಸಲ ಸ್ಟಿಯರಿಂಗ್ ಬಿಟ್ಟು ಕೈ ಎತ್ತಿದೆ, ವಿರುದ್ಧವಾಗಿ; ಕಾರು ನಿಂತಿತ್ತಾದ್ದರಿಂದ ಅಧ್ಯಕ್ಷರು ಆಕ್ಷೇಪಿಸಲಿಲ್ಲ.

ತಮ್ಮ ಬಾಗಿಲಿನ ಚಿಲಕಗಳು ಸದಾ ನುಣುಪಾಗಿ ಜಾರಲಿ ಎಂದು ಹಾರೈಸುತ್ತಾ, ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿಹಿಡಿದು ಕಾಯುತ್ತಿರುವ

ತಮ್ಮ ವಿಶ್ವಾಸಿ,
ಬಾಯ್ಲರಿನವನು
(ಕಾರು ಸಮಿತಿಯ ಪರವಾಗಿ, ಸ್ಟಿಯರಿಂಗ್ ಹೊರತು ಬೇರೆ ಅಧಿಕಾರವಿಲ್ಲ)

ಮರೆತ ಮಾತು: ಶುಕ್ರವಾರ ತಾವು ಹೊರಟ ರಭಸದಲ್ಲಿ ಕಚೇರಿಯ ಹಿಂದೆ ಎಡಗಾಲಿನ ಚಪ್ಪಲಿಯೊಂದು ಉಳಿದಿದೆ. ಅಕ್ಕ ಅದನ್ನು ಒರೆಸಿ, ಕಾಗದದಲ್ಲಿ ಸುತ್ತಿ ಜೋಪಾನವಾಗಿಟ್ಟಿದ್ದಾಳೆ. ಅದರ ಒಡೆಯರು ಬರಿಗಾಲಲ್ಲಿ ಬಂದು ಗುರುತಿಸಿದರೆ ಒಪ್ಪಿಸುತ್ತೇವೆ. ಕಾಲು ಬಂದಿಲ್ಲ, ಜನ ಮಾತ್ರ ಬಂದಿದ್ದರು ಎಂದು ನಾವು ಬರೆದುಕೊಡುವುದಿಲ್ಲ. ನಮ್ಮ ಮುಂದಿನ ಸಭೆ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ತಮ್ಮ ಅಂಗಳದಲ್ಲಿ. ಟ್ಯಾಕ್ಸಿಯವರು ಅಷ್ಟೂ ಜನ ಬರುತ್ತಿದ್ದಾರೆ, ಬಂಕಿನ ಪೈಪಿನಾಕೆ ರಜ ಹಾಕಿದ್ದಾಳೆ, ಲಾಂಡ್ರಿಯವರು ಪಾಳಿ ಮುಗಿಸಿ ನೇರ ಬರುತ್ತಾರೆ. ಜನ ಹೆಚ್ಚಾಗಿರುವುದರಿಂದ ಅರ್ಧ ಮಂದಿ ಮುಂಬಾಗಿಲ ಬಳಿ ಕಾರು ತಳ್ಳುತ್ತಾರೆ; ಉಳಿದವರು, ತಮ್ಮನ್ನು ಬೀಳ್ಕೊಡಲು ಯಾರೂ ಇರಲಿಲ್ಲವೆಂಬ ಕೊರಗು ಈ ಸಲ ಉಳಿಯದಂತೆ, ಹಿಂಬಾಗಿಲ ಬಳಿ ಮೂರು ಗಂಟೆಗೇ ನಿಂತಿರುತ್ತಾರೆ.